ಕಲ್ಲು ಬಿದ್ದ ಮನೆಯ ಮುಂದಿನ ಸುದ್ದಿ

ನ್ಯಾಮತಿಯ ಬಸ್ ನಿಲ್ದಾಣದ ಹಿಂಬದಿಯ ಓಣಿಯಲ್ಲಿ ಕರಿಯಕ್ಕನ ಮಂಡಕ್ಕಿ ಮಿರ್ಚಿ ಅಂಗಡಿ ಇತ್ತು. ಅಂಗಡಿಯೆಂದರೆ ಕಂಬಗಳ ಮೇಲೊಂದು ತಗಡು, ಒಂದು ಒಲೆ, ಎದುರಿಗೆ ಎರಡು ಬೆಂಚು. ಸಂಜೆ ಎಣ್ಣೆ ಕಾಯುವ ವಾಸನೆ ಓಣಿಯ ತುದಿಗೆ ಬರುತ್ತಿದ್ದಂತೆ ಮೆಡಿಕಲ್ ಅಂಗಡಿಯ ಮಹೇಶ್ವರಪ್ಪ ಗಲ್ಲಾಪೆಟ್ಟಿಗೆಯನ್ನು ಹೆಂಡತಿ ಶಾಂತಲಾಳಿಗೆ ಒಪ್ಪಿಸಿ ಎದ್ದುಬಿಡುತ್ತಿದ್ದ. ಅವನ ಹಿಂದೆಯೇ ಅಡಿಕೆ ವ್ಯಾಪಾರದ ಮಲ್ಲೇಶಪ್ಪ ಬರುತ್ತಿದ್ದ. ಮೊಬೈಲ್ ರಿಪೇರಿ ಮಾಡುವ ಆಂಜನೇಯ, ಇಬ್ಬರಿಗಿಂತ ಚಿಕ್ಕವನು, ಮೊದಲೇ ಬಂದು ಬೆಂಚಿನ ತುದಿ ಹಿಡಿದಿರುತ್ತಿದ್ದ.

ಮಿರ್ಚಿ ಬರುತ್ತಿದ್ದದ್ದು ಹಳೆಯ ಪೇಪರಿನ ಮೇಲೆ. ಆ ವರ್ಷ ಚನ್ನಗಿರಿಯಲ್ಲಿ ಯಾರೋ ಅಟ್ಟ ಖಾಲಿ ಮಾಡಿ ರದ್ದಿಗೆ ಹಾಕಿದ ಕಟ್ಟುಗಳು ಕರಿಯಕ್ಕನಿಗೆ ಸಿಕ್ಕಿದ್ದವು. ಎಲ್ಲವೂ ಮೂವತ್ತು ವರ್ಷದ ಹಿಂದಿನವು. ಹಾಗಾಗಿ ಮೂವರಿಗೂ ಒಂದು ಆಟ ಸಿಕ್ಕಿತ್ತು. ತನ್ನ ಪಾಲಿನ ಚೂರಿನಲ್ಲಿರುವ ತಲೆಬರಹವನ್ನು ಒಬ್ಬ ಓದಬೇಕು. ಉಳಿದವರು “ಆಮೇಲೆ?” ಎನ್ನಬೇಕು. ಪೇಪರಿನವರು ಬರೆಯದೆ ಬಿಟ್ಟ ಆಮೇಲಿನದನ್ನು ಓದಿದವನು ಹುಟ್ಟಿಸಿ ಹೇಳಬೇಕು.

“ಉಬ್ರಾಣಿ ಬಳಿ ಚಿರತೆ, ಗ್ರಾಮಸ್ಥರಲ್ಲಿ ಆತಂಕ,” ಎಂದು ಮಲ್ಲೇಶಪ್ಪ ಓದಿದ.

“ಆಮೇಲೆ?”

“ಆಮೇಲೇನು, ಗ್ರಾಮಸ್ಥರನ್ನ ನೋಡಿ ಚಿರತೆಗೂ ಆತಂಕ ಆತು. ತಹಸೀಲ್ದಾರ್ರಿಗೆ ಮನವಿ ಕೊಡಾಕೆ ಹೋಗೈತೆ. ಸಾಹೇಬ್ರು ಮೀಟಿಂಗ್‌ನಾಗೆ ಅದಾರೆ, ನಾಳೆ ಬಾ ಅಂದಾರೆ. ಇನ್ನೂ ಓಡಾಡ್ತಾ ಐತೆ ಪಾಪ.”

“ಸಾಸ್ವೆಹಳ್ಳಿ ರೈತನ ಹೊಲದಲ್ಲಿ ದೈತ್ಯ ಕುಂಬಳಕಾಯಿ,” ಎಂದು ಆಂಜನೇಯ ಓದುತ್ತಿದ್ದ. “ಆಮೇಲೆ ಅದಕ್ಕೆ ರೇಷನ್ ಕಾರ್ಡ್ ಬಂತು ಅಣ್ಣ. ಎಲೆಕ್ಷನ್‌ನಾಗೆ ವೋಟೂ ಹಾಕ್ತು. ಕಡೀಗೆ ಸೊಸೈಟಿ ಡೈರೆಕ್ಟ್ರೇ ಆತು, ನೋಡ್ರಿ ಬೇಕಾದ್ರೆ, ಈಗ್ಲೂ ಕುರ್ಚಿ ಬಿಟ್ಟಿಲ್ಲ.”

ಈ ಆಟದಲ್ಲಿ ಮಹೇಶ್ವರಪ್ಪನನ್ನು ಮೀರಿಸುವವರಿರಲಿಲ್ಲ. ವಿಜ್ಞಾನ ಓದಿದವನು. ಯಾವ ಸುಳ್ಳನ್ನಾದರೂ ಒಂದರ ನಂತರ ಒಂದು ಕಾರಣ ಪೋಣಿಸಿ, ರೇಡಿಯೋ ವಾರ್ತೆಯವರ ದನಿಯಲ್ಲಿ, ಮುಖದಲ್ಲಿ ನಗುವಿಲ್ಲದೆ ಹೇಳುತ್ತಿದ್ದ. ಕರಿಯಕ್ಕ ಕೂಡ ಜಾಲರಿ ಸೌಟು ಹಿಡಿದುಕೊಂಡೇ ಸೆರಗಿನೊಳಗೆ ನಗುತ್ತಿದ್ದಳು. ಅವಳು ಜಗಳೂರು ಕಡೆಯವಳು ಎಂಬುದನ್ನು ಬಿಟ್ಟರೆ ಯಾರಿಗೂ ಅವಳ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಗದ್ದದ ಮೇಲೆ ಮೂರು ಚುಕ್ಕೆಯ ಹಚ್ಚೆ. ಕೈಮೇಲೆ ಎಣ್ಣೆ ಸಿಡಿದ ಕಲೆಗಳು. ಆಗಾಗ ಸುಟ್ಟ ಗಾಯದ ಮುಲಾಮಿಗೆ ಮಹೇಶ್ವರಪ್ಪನ ಅಂಗಡಿಗೆ ಬರುತ್ತಿದ್ದಳು.

ಆ ಸಂಜೆ ಅವನ ಪಾಲಿಗೆ ಬಂದ ಚೂರಿನ ತುಂಬ ಎಣ್ಣೆ ಹರಡಿತ್ತು. ದಿನಾಂಕವಿದ್ದ ಅಂಚು ಹರಿದುಹೋಗಿತ್ತು. ಮಸುಕಾದ ಒಂದು ಚಿತ್ರ, ಅದರ ಮೇಲೆ ದಪ್ಪ ಅಕ್ಷರ.

“ಮನೆ ಮೇಲೆ ಕಲ್ಲಿನ ಮಳೆ! ಭಾನಾಮತಿ ಶಂಕೆ, ಸೊಸೆಯ ಮೇಲೆ ಗುಮಾನಿ,” ಎಂದು ಅವನು ಓದಿದ.

“ಆಮೇಲೆ?” ಎಂದರು ಇಬ್ಬರೂ. ಆಂಜನೇಯ ವಿಡಿಯೋ ಮಾಡಲು ಫೋನ್ ಎತ್ತಿ ಹಿಡಿದ.

ಮಹೇಶ್ವರಪ್ಪ ಗಂಟಲು ಸರಿಮಾಡಿಕೊಂಡ. “ಸದರಿ ಸೊಸೆಯ ಪ್ರತಿಭೆಯನ್ನು ಗಮನಿಸಿದ ಲೋಕೋಪಯೋಗಿ ಇಲಾಖೆಯು ಆಕೆಯನ್ನು ಜಲ್ಲಿ ಸರಬರಾಜಿಗೆ ನೇಮಿಸಿಕೊಂಡಿತು. ಹೊನ್ನಾಳಿ ರಸ್ತೆಯ ಮೇಲೆ ಆಕೆ ಒಂದು ಸಲ ನಡೆದುಹೋದರೆ ಸಾಕು, ಹಿಂದೆಯೇ ರೋಡ್ ರೋಲರ್. ಕ್ರಷರ್ ಮಾಲೀಕರು ಧರಣಿ ಕೂತರು. ಅಕ್ಕಪಕ್ಕದ ಮನೆಯವರು, ನಮಗೂ ಇಂಥದೇ ಸೊಸೆ ಬೇಕು, ಕಾಂಪೌಂಡ್ ಬಾಕಿಯಿದೆ ಎಂದು ಹೆಣ್ಣು ಹುಡುಕಲು ಹೊರಟರು.”

ಮಲ್ಲೇಶಪ್ಪ ಮಂಡಕ್ಕಿ ನೆತ್ತಿಗೇರಿ ಕೆಮ್ಮಿದ. ಆಂಜನೇಯನ ಕೈಯಲ್ಲಿ ಫೋನ್ ಅಲುಗಾಡುತ್ತಿತ್ತು.

“ಕರಿಯಕ್ಕ, ಹೊತ್ತಾತಲ್ಲವ್ವ, ಮಿರ್ಚಿ ಸೀದೋಗ್ತಾ ಐತೆ!” ಎಂದು ಮಲ್ಲೇಶಪ್ಪ ಕೂಗಿದ.

ಬಾಣಲೆಯಿಂದ ಹೊಗೆ ಏಳುತ್ತಿತ್ತು. ಕರಿಯಕ್ಕ ಅದನ್ನು ನೋಡುತ್ತ ನಿಂತಿದ್ದಳು. ಕೂಗು ಕೇಳಿದ ಮೇಲೆ ಇದ್ದಿಲಿನಂತಾದ ಮಿರ್ಚಿಗಳನ್ನೆತ್ತಿ ಬೂದಿಯ ಮೇಲೆ ಸುರಿದಳು. ಅಂದು ಅವಳು ನಗಲಿಲ್ಲವೆಂಬುದು ಮಹೇಶ್ವರಪ್ಪನಿಗೆ ಮನೆ ಸೇರಿದ ಮೇಲೆ ನೆನಪಾಯಿತು. ಅದು ಯಾಕೆಂದು ಅವನು ಯೋಚಿಸಲಿಲ್ಲ.

ಆಂಜನೇಯ ಆ ವಿಡಿಯೋವನ್ನು ತನ್ನ ಸ್ಟೇಟಸ್‌ಗೆ ಹಾಕಿದ. ಜೊತೆಗೆ ಪೇಪರ್ ಚೂರಿನ ಫೋಟೋ, ಕಾಣಲೆಂದು ಬೆಳಕು ಹೆಚ್ಚಿಸಿದ್ದು. ಯಾರೋ ನಗೆಯ ಭಾಗ ಬಿಟ್ಟು ಫೋಟೋವನ್ನಷ್ಟೇ ಎತ್ತಿಕೊಂಡರು. ಅದು ಹೊನ್ನಾಳಿಗೆ ಹೋಯಿತು, ಚನ್ನಗಿರಿಗೆ ಹೋಯಿತು, ನಲ್ಲೂರಿನ ಯಾವುದೋ ಗುಂಪಿನಲ್ಲಿ ಸುತ್ತಾಡಿತು. ದಿನಾಂಕವಿಲ್ಲದ ಸುದ್ದಿಯಾದ್ದರಿಂದ ಅದು ಎಲ್ಲ ಊರಿನಲ್ಲೂ ನಿನ್ನೆಯದೇ ಆಯಿತು. ಕೊನೆಗೆ ಮಹೇಶ್ವರಪ್ಪನ ಬಂಧುಬಳಗದ ಗುಂಪಿಗೇ ಬಂದಾಗ ಅದರ ಕೆಳಗೊಂದು ಸಾಲು ಸೇರಿಕೊಂಡಿತ್ತು: “ಎಚ್ಚರ. ಈ ಹೆಂಗಸು ಈಗ ನ್ಯಾಮತಿಯಲ್ಲಿ ಮಿರ್ಚಿ ಮಾರುತ್ತಿದ್ದಾಳೆ. ಎಲ್ಲರಿಗೂ ಕಳಿಸಿ.”

ಅವನು ಫೋಟೋವನ್ನು ದೊಡ್ಡದು ಮಾಡಿದ. ಹಂಚಿನ ಮನೆಯ ಬಾಗಿಲಲ್ಲಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತ ಸಣ್ಣ ವಯಸ್ಸಿನ ಹೆಂಗಸು. ಗದ್ದದ ಮೇಲೆ ಮೂರು ಚುಕ್ಕೆ. ಕೆಳಗಿನ ಸಾಲಿನಲ್ಲಿ, ಎಣ್ಣೆಯ ಕಲೆಯ ಒಳಗಿನಿಂದ, ಹೆಸರು: ಕರಿಯಕ್ಕ.

ಅವನು ಹಿಂದೆ ಆಡಿ ನಕ್ಕ ಎಲ್ಲ ತಲೆಬರಹಗಳೂ ಒಮ್ಮೆಗೇ ನೆನಪಿಗೆ ಬಂದವು. ಬಾವಿಗೆ ಬಿದ್ದವನು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವಳು, ಮದುವೆಯ ಹಿಂದಿನ ದಿನ ಕಾಣೆಯಾದ ವರ. ಎಲ್ಲರಿಗೂ ಅವನು ಒಂದೊಂದು ಆಮೇಲೆ ಕೊಟ್ಟಿದ್ದ. ಪ್ರತಿ ಚೂರಿನಲ್ಲೂ ಎಣ್ಣೆಯ ಅಡಿಯಲ್ಲಿ ಯಾರೋ ಒಬ್ಬರು ಉಸಿರಾಡುತ್ತಿದ್ದರು ಎಂಬುದು ಹೊಳೆದಿರಲಿಲ್ಲ.

ಮಾರನೆಯ ಸಂಜೆ ಕರಿಯಕ್ಕನ ಬೆಂಚುಗಳು ಖಾಲಿ ಇದ್ದವು. ಅದರ ಮರುದಿನವೂ.

ಅದೇ ವಾರ ಮಹೇಶ್ವರಪ್ಪನ ಅಂಗಡಿ ಮುಖ್ಯರಸ್ತೆಯ ಹೊಸ ಮಳಿಗೆಗೆ ಹೋಗುವುದಿತ್ತು. ಪೂಜೆಯ ದಿನ ಬಂದವರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಲು ಕರಿಯಕ್ಕನಿಗೆ ಮೊದಲೇ ಹೇಳಿಯಾಗಿತ್ತು.

“ಬ್ಯಾಡ ಅಂತ ಹೇಳಿಬಿಡ್ರಿ,” ಎಂದಳು ಶಾಂತಲಾ, ಔಷಧಿಯ ಡಬ್ಬಿಗಳನ್ನು ಕಟ್ಟುತ್ತ.

“ನೀನೂ ಇದನ್ನ ನಂಬ್ತೀಯೇನು?”

“ನಾನು ನಂಬಲ್ಲ ರೀ. ಅವ್ಳ ಕೈಯಾಗಿನ ಮಿರ್ಚಿ ನಾನೂ ತಿಂದೀನಿ. ಆದ್ರೆ ನಂಬೋರು ಬರ್ತಾರಲ್ಲ? ನಮ್ಮದು ಔಷಧಿ ಅಂಗಡಿ. ಕೂಸಿಗೆ ಜ್ವರ ಅಂತ ಬರೋ ತಾಯಿ ಹೊಸ್ತಿಲಾಗೇ ಅನುಮಾನ ಪಟ್ರೆ ಏನ್ ಮಾಡ್ತೀರಿ? ಬಾಯಿಗೆ ಬಂದಂಗೆ ಆಡೋರು ನೀವು. ಬಾಗಿಲು ತೆಗೆದು ಕೂರೋಳು ನಾನು.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ಊಟ ಮಾಡಿ ಅಡ್ಡಾದ.

ಮನೆಯ ಹಿತ್ತಿಲಿನ ತಗಡಿನ ಮೇಲೆ ಪಕ್ಕದವರ ಬಾದಾಮಿ ಮರ ಬಾಗಿತ್ತು. ಬಾವಲಿ ಕಚ್ಚಿಬಿಟ್ಟ ಕಾಯಿಗಳು ಆಗಾಗ ತಗಡಿನ ಮೇಲೆ ಬೀಳುವುದು ವರ್ಷಗಳಿಂದ ಗೊತ್ತಿದ್ದ ಸದ್ದು. ಆ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಉಸಿರೆತ್ತದ ಹೊತ್ತಿನಲ್ಲಿ, ಧಡ್ ಎಂದಿತು. ಅವನು ಎದ್ದು ಕೂತ. ಹಿತ್ತಿಲಿಗೆ ಹೋಗಿ ನೋಡಿದ. ಕಾಯಿ ಬಿದ್ದಿತ್ತು. ಒಳಗೆ ಬಂದು ಕೂತ ಮೇಲೆ ಮತ್ತೆ ಧಡ್ ಎಂದಿತು. ಅದು ಕಾಯಿಯೇ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಎರಡನೆಯ ಸಲ ಹೊರಗೆ ಹೋಗಿ ನೋಡುವ ಧೈರ್ಯ ಬರಲಿಲ್ಲ. ಚಪ್ಪಲಿ ಮೆಟ್ಟಿ ನೇರವಾಗಿ ಕರಿಯಕ್ಕನ ಅಂಗಡಿಗೆ ನಡೆದ.

ಅವಳು ಬಾಣಲೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಂಟು ಹಾಕುತ್ತಿದ್ದಳು.

“ಎತ್ತ ಹೊಂಟೀರಿ ಕರಿಯಕ್ಕ?”

“ಉಬ್ರಾಣಿ ಕಡೆ, ಯಜಮಾನ್ರೆ. ಅಡಿಕೆ ಸುಲಿಯಾಕೆ ಆಳು ಬೇಕಂತೆ. ಅಲ್ಲಿರೋ ನನ್ನ ಗುರ್ತಿನ ದುರುಗಕ್ಕ ಹೇಳಿ ಕಳ್ಸ್ಯಾಳೆ.” ತಲೆಯೆತ್ತದೆ ಗಂಟು ಬಿಗಿದಳು. “ಅಲ್ಲಿ ಯಾರೂ ಪೇಪರ್ ಓದಲ್ಲ.”

“ತಪ್ಪು ನಂದು. ನಾನು ಆ ಚಿತ್ರ ನೋಡಲಿಲ್ಲ. ಹೆಸರೂ ನೋಡಲಿಲ್ಲ.”

“ನೀವು ಹೇಳಿದ್ದು ಚೆನ್ನಾಗಿತ್ತು ಬಿಡ್ರಿ. ರೋಡ್ ರೋಲರ್ ಅಂದ್ರಲ್ಲ, ಬ್ಯಾರೆಯೋರ ಸುದ್ದಿ ಆಗಿದ್ರೆ ನಾನೂ ನಗ್ತಿದ್ದೆ.”

ಅವನು ಬೆಂಚಿನ ಮೇಲೆ ಕುಳಿತ. ಆಮೇಲೆ ಅವನು ಕೇಳಿದ. ಈ ಸಲ ಆಟದ ದನಿಯಲ್ಲಿ ಅಲ್ಲ.

“ಆಮೇಲೆ ಏನಾತು?”

ಕರಿಯಕ್ಕ ತಣ್ಣಗಿದ್ದ ಒಲೆಯ ಕಟ್ಟೆಗೆ ಒರಗಿದಳು. “ಕಲ್ಲು ಬೀಳ್ತಿದ್ದಿದ್ದು ಮಟಮಟ ಮಧ್ಯಾಹ್ನ. ಗಂಡಸ್ರು ಹೊಲಕ್ಕೆ ಹೋದ ಹೊತ್ನಾಗೆ. ಹಂಚು ಒಡೀತು, ನೀರಿನ ಹಂಡೆ ನಗ್ಗಿತು. ನಾನು ಹೊಸ ಸೊಸೆ. ನಾ ಬಂದ ಮ್ಯಾಲೇ ಶುರುವಾತು ಅಂದ್ರು. ಮಂತ್ರದೋರು ಬಂದ್ರು, ಪೇಪರ್‌ನೋರು ಬಂದ್ರು. ಬಾಗಿಲಾಗೆ ನಿಲ್ಲು ಅಂದ್ರು, ನಿಂತೆ. ಪೇಪರ್‌ನಾಗೆ ಬಂದ್ ಮ್ಯಾಲೆ ಮುಗೀತಲ್ಲ? ಅಚ್ಚಾಗಿದ್ದು ಸುಳ್ಳು ಇರುತ್ತಾ? ಗಂಡ ಬಸ್ ಹತ್ಸಿದ. ತೌರುಮನ್ಯಾಗೆ ನನಗಿಂತ ಮುಂಚೆ ಪೇಪರ್ ಹೋಗಿತ್ತು.”

“ಕಲ್ಲು?”

“ನಾ ಆ ಮನೆ ಬಿಟ್ಟ ದಿನದಿಂದ ನಿಂತ್ವು. ಒಂದೂ ಬೀಳ್ಲಿಲ್ಲ. ಅದೇ ಸಾಕ್ಷಿ ಆತು ನೋಡ್ರಿ.”

ಮಹೇಶ್ವರಪ್ಪ ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತದ್ದು ಅದೇ ಆಗಿತ್ತು. ಒಂದನ್ನು ತೆಗೆದಾಗ ಮತ್ತೊಂದು ನಿಂತರೆ, ತೆಗೆದದ್ದೇ ಕಾರಣವಿರಬಹುದು. ಇರಬಹುದು, ಅಷ್ಟೇ. ಆ ಮನೆಯಲ್ಲಿ ಯಾರಿಗೂ ಆ ‘ಬಹುದು’ ಬೇಕಾಗಿರಲಿಲ್ಲ.

“ಹಂಗಾದ್ರೆ ಯಾಕೆ ನಿಂತ್ವು?” ಎಂದ.

“ಎಸೀತಿದ್ದೋಳು ನಿಲ್ಸಿದ್ಲು.”

ಅವಳು ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ನನ್ನ ನಾದಿನಿ. ಇನ್ನೂ ಲಂಗ ಉಟ್ಕೊಂಡು ಇಸ್ಕೂಲಿಗೆ ಹೋಗೋ ಹುಡುಗಿ. ಅವ್ಳನ್ನ ಮಾವನ ವಯಸ್ಸಿನೋನಿಗೆ ಕೊಡಾಕೆ ಮಾತಾಗಿತ್ತು. ಗಂಡಿನ ಕಡೆಯೋರು ಬಂದು ಹೋದಾಗ್ಲೆಲ್ಲ ಮಾರನೇ ದಿನ ಕಲ್ಲು. ಒಂದಿನ ಬಣವೆ ಹಿಂದೆ ನೋಡಿದೆ, ಕೈಯಾಗೆ ಕಲ್ಲು ಹಿಡ್ಕಂಡು ನಿಂತಿತ್ತು. ನಾನು ನೋಡಿದ್ದು ಅದಕ್ಕೂ ಗೊತ್ತಾತು. ಕಣ್ಣಿಗೆ ಕಣ್ಣು ಸಿಕ್ಕಿದ್ವು. ಆ ಕಣ್ಣು ಈಗ್ಲೂ ಬರ್ತಾವೆ ಯಜಮಾನ್ರೆ, ಎಣ್ಣೆಯಾಗೆ ಹಿಟ್ಟು ಬಿಡೋವಾಗ ಒಂದೊಂದ್ಸಲ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಚರ್ಮ ಸುಲಿದು ಅದೇ ಮುದುಕನಿಗೆ ಕಟ್ತಿದ್ರು. ಮೊದ್ಲು ಒಂದೆರಡು ದಿನ ಸುಮ್ಕಿದ್ದೆ, ಆಮ್ಯಾಲೆ ಹೇಳೋ ಹೊತ್ತು ದಾಟಿಹೋತು. ಕಲ್ಲು ಬಿದ್ದ ಮನೆ ಹೆಣ್ಣು ಬ್ಯಾಡ ಅಂತ ಆ ಗಂಡು ಬಿಟ್ಟೋತಂತೆ. ಅಷ್ಟು ಕೇಳಿದ್ದೆ. ಸಾಕಾಗಿತ್ತು.”

“ಈಗ ಹೇಳೋಣ. ಆಂಜನೇಯನ ಫೋನ್‌ನಾಗೇ ಹೇಳೋಣ. ಊರಿಗೆಲ್ಲ ಗೊತ್ತಾಗ್ಲಿ.”

“ಬ್ಯಾಡ.” ಕರಿಯಕ್ಕ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು. “ಅವ್ಳ ಹೆಸ್ರು ಪೇಪರ್‌ನಾಗೆ ಬಂದಿಲ್ಲ. ಬರಬಾರ್ದು. ಎಲ್ಲೋ ನಾಕು ಮಕ್ಳ ತಾಯಿ ಆಗಿರ್ತಾಳೆ. ನಿಮಗೂ ನಾನು ಹೆಸ್ರು ಹೇಳಲ್ಲ.”

ಸತ್ಯ ಅವನ ಕೈಗೆ ಬಂದಿತ್ತು, ಆದರೆ ಅದನ್ನು ಬಳಸುವಂತಿರಲಿಲ್ಲ. ಅವನು ಎದ್ದು ನಿಂತ.

“ಆರ್ಡರ್ ಕೊಟ್ಟೀನಲ್ಲ, ಅದನ್ನ ಮಾಡಿಕೊಟ್ಟು ಹೋಗ್ರಿ.”

“ಯಾರು ತಿಂತಾರೆ?”

“ನಾನು ತಿಂತೀನಿ. ಉಳಿದಿದ್ದು ಆಮೇಲೆ.”

ಹೊಸ ಮಳಿಗೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಪೂಜೆ ಮುಗಿದು ಜನ ಕುರ್ಚಿಗಳಲ್ಲಿ ತುಂಬಿದ್ದರು. ಇನ್ನುಳಿದದ್ದು ಬೋಣಿ. ಹೊಸ ಅಂಗಡಿಯ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೆಯೋ ಅಂಗಡಿಯ ನಸೀಬು ಹಾಗೇ ಎಂದು ಆ ಪೇಟೆಯಲ್ಲಿ ಎಲ್ಲರೂ ನಂಬುತ್ತಿದ್ದರು. ಮಲ್ಲೇಶಪ್ಪನದು ಒಳ್ಳೆಯ ಕೈ ಎಂಬ ಹೆಸರು. ಪೇಟೆಯ ಅರ್ಧ ಅಂಗಡಿಗಳಿಗೆ ಅವನೇ ಬೋಣಿ ಮಾಡಿದ್ದ. ಅಂದೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ನೋಟನ್ನು ಮಡಚದೆ ಹಿಡಿದು ಕೌಂಟರಿನ ಮುಂದೆ ನಿಂತಿದ್ದ.

ಆಗ ಕರಿಯಕ್ಕ ಬುಟ್ಟಿ ಹೊತ್ತು ಬಂದಳು. ಮುಂಬಾಗಿಲಿನಿಂದಲ್ಲ, ಪಕ್ಕದ ಸಂದಿಯಿಂದ. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಯಾರೋ ಒಬ್ಬಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು.

“ಕರಿಯಕ್ಕ, ಇತ್ತ ಬರ್ರಿ,” ಎಂದ ಮಹೇಶ್ವರಪ್ಪ ಗಟ್ಟಿಯಾಗಿ. “ಕೈ ಸುಟ್ಟೈತಲ್ಲ. ಮುಲಾಮು ಬ್ಯಾಡೇನು?”

ಅವಳು ಬುಟ್ಟಿಯನ್ನು ಇಳಿಸಿ ನಿಂತಲ್ಲೇ ನಿಂತಳು.

ಮಲ್ಲೇಶಪ್ಪ ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದ. “ಏಯ್ ಮಹೇಶಪ್ಪ, ಇದು ಬೋಣಿನಪ್ಪ. ಆಟ ಅಲ್ಲ.”

“ಆಟ ಅಲ್ಲ ಅಂತಾನೇ ಕರ್ದೀನಿ,” ಎಂದ ಅವನು.

ಮಲ್ಲೇಶಪ್ಪ ಅವನ ಮುಖ ನೋಡಿದ. ವಾರ್ತೆ ಓದುವಾಗಲೂ ಆ ಮುಖದಲ್ಲಿ ನಗು ಇರುತ್ತಿರಲಿಲ್ಲ, ಆದರೆ ಇದು ಬೇರೆ. ಅವನು ನೋಟನ್ನು ಜೇಬಿಗಿಳಿಸಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ.

ಕರಿಯಕ್ಕ ಬಂದಳು. ಸೊಂಟದ ಚೀಲ ಬಿಚ್ಚಿ ಹಣ ತೆಗೆದು ಕೌಂಟರಿನ ಮೇಲಿಟ್ಟಳು. ಅವಳ ಬೆರಳುಗಳ ಮೇಲೆ ಹೊಸದಾಗಿ ಸುಟ್ಟ ಬೊಬ್ಬೆಗಳಿದ್ದವು. ಮಹೇಶ್ವರಪ್ಪ ಕೈ ಚಾಚುವ ಮೊದಲೇ ಪಕ್ಕದಿಂದ ಇನ್ನೊಂದು ಕೈ ಬಂತು. ಶಾಂತಲಾ. ಆ ಸುಟ್ಟ ಬೆರಳುಗಳನ್ನು ಅವಳು ಒಂದು ಕ್ಷಣ ನೋಡಿದ್ದಳು. ಹಣವನ್ನು ತೆಗೆದುಕೊಂಡು ಎರಡೂ ಕಣ್ಣಿಗೊತ್ತಿ, ಲಕ್ಷ್ಮಿಯ ಪಟದ ಮುಂದಿಟ್ಟು, ಆಮೇಲೆ ಗಲ್ಲಾಪೆಟ್ಟಿಗೆಗೆ ಹಾಕಿದಳು. ಮುಲಾಮಿನ ಡಬ್ಬಿಯನ್ನು ಕರಿಯಕ್ಕನ ಅಂಗೈಯಲ್ಲಿ ಇಟ್ಟು, “ನೀರು ತಾಗಿಸಬ್ಯಾಡ್ರಿ ಅಕ್ಕ,” ಎಂದಳು.

ಕರಿಯಕ್ಕ ಹಿಂದಿರುಗಿ ಹೋಗುವಳೆಂದುಕೊಂಡರೆ ಅವಳು ಜನರ ಕಡೆ ತಿರುಗಿದಳು.

“ಎಲ್ರೂ ಫೋನ್‌ನಾಗೆ ನೋಡೀರಿ. ಕಲ್ಲು ಬಿದ್ದ ಮನೆ ಸೊಸೆ ಆಮ್ಯಾಲೆ ಏನಾದ್ಲು ಅಂತ ಪೇಪರ್‌ನೋರು ಬರೀಲಿಲ್ಲ. ನಾ ಹೇಳ್ತೀನಿ ಕೇಳ್ರಿ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನ್ಯಾಮತಿಗೆ ಬಂದ್ಲು. ಸೇಡು ತೀರಿಸ್ಕಳ್ಳಾಕೆ ಊರೋರಿಗೆಲ್ಲ ವರ್ಷಾನುಗಟ್ಲೆ ಮೆಣಸಿನಕಾಯಿ ತಿನ್ನಿಸಿದ್ಲು. ಯಾರೂ ಸಾಯ್ಲಿಲ್ಲ. ಕೆಲವ್ರಿಗೆ ಹೊಟ್ಟೆ ಉರೀತು. ಅದಕ್ಕೆ ಈ ಯಜಮಾನ್ರ ಅಂಗಡಿ ದೊಡ್ಡದಾತು.”

ಮೊದಲು ನಕ್ಕವನು ಮಲ್ಲೇಶಪ್ಪ. ನಗು ಬಂದಷ್ಟೇ ಬೇಗ ಅವನ ಕಣ್ಣಿನಲ್ಲಿ ನೀರೂ ಬಂತು. ಆಂಜನೇಯ ನಗಲಿಲ್ಲ. ತಲೆ ತಗ್ಗಿಸಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಹಂಚಲು ಶುರುಮಾಡಿದ. ಮಗುವನ್ನು ಎಳೆದುಕೊಂಡವಳು ಬೇಡವೆಂದು ಎದ್ದುಹೋದಳು. ಇನ್ನೂ ಕೆಲವರು ಹೋದರು. ಹೆಚ್ಚಿನವರು ಕುಳಿತರು, ತಿಂದರು.

ಬಾಣಲೆಯ ಗಂಟು ಬಿಚ್ಚಿಕೊಂಡಿತು. ಆಂಜನೇಯ ತನ್ನ ಸ್ಟೇಟಸ್ ಅಳಿಸಿದ. ಊರೂರು ಸುತ್ತುತ್ತಿದ್ದ ಫೋಟೋವನ್ನು ಅಳಿಸುವುದು ಅವನ ಕೈಯಲ್ಲಿರಲಿಲ್ಲ. ಬೆಂಚುಗಳು ನಿಧಾನವಾಗಿ ತುಂಬಿದವು. ಆಟವೂ ನಡೆಯಿತು, ಒಂದು ಹೊಸ ನಿಯಮದೊಂದಿಗೆ. ಚೂರಿನಲ್ಲಿ ಯಾರದಾದರೂ ಹೆಸರಿದ್ದರೆ ಆಟವಿಲ್ಲ. ಹೆಸರು ಒಳಗೆ ಬರುವಂತೆ ಮಡಚಿ ಒಲೆಗೆ ಹಾಕುವುದು. ಚಿರತೆಗಳು, ಕುಂಬಳಕಾಯಿಗಳು ಉಳಿದವು.

ಮಧ್ಯಾಹ್ನದ ಧಡ್ ಸದ್ದು ಮಾತ್ರ ಮಹೇಶ್ವರಪ್ಪನನ್ನು ಬಿಡಲಿಲ್ಲ. ಪ್ರತಿ ಸಲವೂ ಅದು ಕಾಯಿಯೇ. ಪ್ರತಿ ಸಲವೂ ಬಣವೆಯ ಹಿಂದೆ ಕೈಯಲ್ಲಿ ಕಲ್ಲು ಹಿಡಿದ ಹುಡುಗಿಯೊಬ್ಬಳು ಅವನತ್ತ ನೋಡುತ್ತಿದ್ದಳು.

ಮಳೆ ಹಿಡಿಯುವ ಮುಂಚಿನ ಒಂದು ದಿನ, ಬಸ್ಸುಗಳು ಬಂದು ಹೋದ ಮೇಲೆ, ನಡುವಯಸ್ಸಿನ ಹೆಂಗಸೊಬ್ಬಳು ಕೌಂಟರಿನ ಮುಂದೆ ಬಂದು ನಿಂತಳು. ಕಾಲಿನಲ್ಲಿ ಧೂಳು, ಕೈಯಲ್ಲಿ ಫೋನ್. ಏನನ್ನೂ ಕೊಳ್ಳುವವಳಂತೆ ಕಾಣಲಿಲ್ಲ.

“ಅಣ್ಣ, ಇಲ್ಲಿ ಮಿರ್ಚಿ ಮಾರೋ ಒಬ್ರು ಅದಾರಂತೆ. ಗದ್ದದ ಮ್ಯಾಲೆ ಹಚ್ಚೆ.”

ಫೋನಿನ ಪರದೆಯ ಮೇಲೆ ಏನಿದೆಯೆಂದು ಅವನಿಗೆ ನೋಡದೆಯೂ ಗೊತ್ತಾಯಿತು. ತಡೆಯಬೇಕೆನ್ನಿಸಿತು.

“ನಿಮಗೆ ಏನಾಗಬೇಕು ಅವ್ರು?”

ಹೆಂಗಸು ಫೋನನ್ನು ಎದೆಗೆ ಒತ್ತಿಕೊಂಡಳು. ಕಣ್ಣೆತ್ತಿದಳು. ಆ ಕಣ್ಣುಗಳನ್ನು ಅವನು ಎಷ್ಟೋ ಮಧ್ಯಾಹ್ನ ನೋಡಿದ್ದ.

“ಅತ್ತಿಗೆ,” ಎಂದಳು.

ಮಹೇಶ್ವರಪ್ಪ ಕೌಂಟರಿನಿಂದ ಹೊರಗೆ ಬಂದು ಓಣಿಯ ದಾರಿ ತೋರಿಸಿದ. ಹೆಸರು ಕೇಳಲಿಲ್ಲ. ಅಂದು ಸಂಜೆ ಎಣ್ಣೆ ಕಾಯುವ ವಾಸನೆ ಬರಲಿಲ್ಲ. ಯಾಕೆಂದು ನೋಡಲು ಹೊರಟ ಮಲ್ಲೇಶಪ್ಪನನ್ನೂ ಆಂಜನೇಯನನ್ನೂ ಅವನು ತನ್ನ ಅಂಗಡಿಯಲ್ಲೇ ಕೂರಿಸಿಕೊಂಡು ಚಹಾ ತರಿಸಿದ.

“ಏನಾತೋ ಮಾರಾಯ ಕರಿಯಕ್ಕಂಗೆ?” ಎಂದ ಮಲ್ಲೇಶಪ್ಪ.

“ಗೊತ್ತಿಲ್ಲ,” ಎಂದ ಮಹೇಶ್ವರಪ್ಪ. “ಗೊತ್ತಾಗೋದು ಬ್ಯಾಡ. ಚಹಾ ಕುಡಿ.”

ಹೊರಗೆ ಓಣಿಯ ತಗಡಿನ ಮೇಲೆ ಮೊದಲ ಹನಿಗಳು ಬೀಳತೊಡಗಿದ್ದವು.